ಮೊದಲ ಬೆಳಕಿನ ನಿಯಮ

ಅಸ್ಥಿದರ್ಶಕದ ಕಪ್ಪು ಪೆಟ್ಟಿಗೆಯೊಳಗೆ ಇಲಿ ತನ್ನ ಪಾಡಿಗೆ ಓಡಾಡುತ್ತಿತ್ತು. ಹೊರಗಿನ ಪರದೆಯ ಮೇಲೆ ಅದರ ಎಲುಬಿನ ಹಂದರ ಮಾತ್ರ ಕಾಣುತ್ತಿತ್ತು. ಬಲ ತೊಡೆಯ ಮೂಳೆಯಲ್ಲಿ, ಮಂಡಿಗಿಂತ ತುಸು ಮೇಲೆ, ಸಾಸಿವೆಯಷ್ಟು ಹಸಿರು ಬೆಳಕು ಹೊತ್ತಿಕೊಂಡಿತು. ಯಂತ್ರ ಒಮ್ಮೆ ಸಿಳ್ಳೆ ಹಾಕಿ ಪರದೆಯ ಮೇಲೆ ಬರೆಯಿತು: "ಪ್ರಾಣಿ ನಲವತ್ತೇಳು. ಒಂಬತ್ತನೆಯ ದಿನ. ಮೊದಲ ಬೆಳಕು."

ನೀಲವ್ವ ಹಡಪದ ಇಲಿಯನ್ನು ಅಂಗೈಯಲ್ಲಿ ಎತ್ತಿ ಪಂಜರಕ್ಕೆ ಬಿಟ್ಟಳು. ಧಾರವಾಡದ ಆ ಸಂಶೋಧನಾಲಯದ ಪ್ರಾಣಿಗೃಹವನ್ನು ಅವಳು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು.

ಸ್ತನದ ಕ್ಯಾನ್ಸರ್ ಮೂಳೆಗೆ ಹೇಗೆ ಹಬ್ಬುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಕ್ಯಾನ್ಸರ್ ಕೋಶಗಳಿಗೆ ಮಿಂಚುಹುಳದ ಒಂದು ಜೀನನ್ನು ಸೇರಿಸಿ ಇಲಿಯ ರಕ್ತಕ್ಕೆ ಬಿಡುತ್ತಿದ್ದರು. ಕೋಶ ಎಲ್ಲಿ ನೆಲೆಸಿದರೂ ಅಲ್ಲಿ ಮಿನುಗುತ್ತಿತ್ತು. ಹಳೆಯ ಕ್ಯಾಮರಾಗಳಿಗೆ ಆ ಮಿನುಗು ಕಾಣಬೇಕಾದರೆ ಸಾವಿರಾರು ಕೋಶಗಳು ಒಂದೆಡೆ ಗುಂಪುಗೂಡಬೇಕಿತ್ತು. ಡಾಕ್ಟರ್ ಅರವಿಂದ ಗಲಗಲಿಯವರು ಕಟ್ಟಿದ ಅಸ್ಥಿದರ್ಶಕಕ್ಕೆ ಹತ್ತು ಕೋಶ ಸಾಕು. ಮನುಷ್ಯರಿಗೆಂದು ಮಾಡಿದ ದೊಡ್ಡ ಯಂತ್ರ ಆಗಲೇ ಆಸ್ಪತ್ರೆಗಳಿಗೂ ಬಂದಿತ್ತು; ಅಲ್ಲಿ ಕ್ಯಾನ್ಸರ್ ಕೋಶಕ್ಕೆ ಅಂಟಿ ಬೆಳಗುವ ಚುಚ್ಚುಮದ್ದು ಕೊಡುತ್ತಿದ್ದರು. ಪ್ರಾಣಿಗೃಹದ ನಿಯಮ ಒಂದೇ: ಬೆಳಕು ಕಂಡ ದಿನವೇ ಇಲಿಯನ್ನು ಕೊಂದು, ಮೂಳೆ ಸೀಳಿ, ಯಂತ್ರ ಹೇಳಿದ್ದು ನಿಜವೇ ಎಂದು ನೋಡಬೇಕು. ಯಂತ್ರ ಒಮ್ಮೆಯೂ ತಪ್ಪಿರಲಿಲ್ಲ.

ಮಧ್ಯಾಹ್ನ ಗಲಗಲಿಯವರು ಬಂದು ಕೈ ಚಾಚಿದರು. ನೀಲವ್ವ ಪಂಜರವನ್ನು ಎದೆಗೊತ್ತಿ ಹಿಡಿದಳು.

"ಕೊಡಂಗಿಲ್ರಿ ಸರ."

"ನೀಲವ್ವಾ, ರೋಗ ಎಲುವಿನ್ಯಾಗ ಹೊಕ್ಕದ. ನೋವು ಸುರು ಆಗೂಕಿಂತ ಮೊದಲ ಮುಗಸೂದು ದಯಾ ಅಲ್ಲೇನು?"

"ಹಳೇ ಕ್ಯಾಮರಾ ಇದ್ದಾಗ ಇವು ಆರು ವಾರ ಬದುಕತಿದ್ದುವು. ಈಗ ಒಂಬತ್ತು ದಿನಕ್ಕ ಸಾಯಾಕತ್ಯಾವ. ಹೆಚ್ಚಾಗಿದ್ದು ರೋಗೋ, ಕ್ಯಾಮರಾನೋ?"

ಗಲಗಲಿಯವರು ಕನ್ನಡಕ ತೆಗೆದು ಒರೆಸತೊಡಗಿದರು.

"ಬೆಳಕು ಬಿದ್ದಿದ್ದೆಲ್ಲ ಬೆಳೀತೈತಿ ಅಂತ ಹೆಂಗ ಹೇಳತೀರಿ? ಒಂದನ್ನರ ಬಿಟ್ಟು ನೋಡೀರೇನು?" ಎಂದಳು ನೀಲವ್ವ. "ಇದು ಕುಂಟಿದ ದಿನ, ಕಾಳು ಬಿಟ್ಟ ದಿನ ನಾನ ಬಂದು ನಿಮ್ಮ ಕೈಯಾಗ ಕೊಡತೇನಿ. ಅಲ್ಲೀತನಕ ಇಲ್ಲ."

ಪಂಜರವನ್ನು ತನ್ನ ಮೇಜಿನ ಕೆಳಗಿಟ್ಟು ಅದರ ಮುಂದೆಯೇ ಕುಳಿತಳು.

ಮರುದಿನ ಆಡಳಿತದಿಂದ ಕಾರಣ ಕೇಳಿ ನೋಟಿಸ್ ಬಂತು. ನೀಲವ್ವ ಅದರ ಹಿಂಬದಿಯಲ್ಲೇ ಉತ್ತರ ಬರೆದಳು: "ಇಲಿ ಆರಾಮ ಐತಿ. ಅದ ಕಾರಣ." ಆ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಗಲಗಲಿಯವರ ಬಳಿ ಬಂದಿತು. ಅವರು ತಮ್ಮ ಹಳೆಯ ಕಡತಗಳನ್ನೆಲ್ಲ ತೆರೆದು ಕುಳಿತರು. ಅಸ್ಥಿದರ್ಶಕ ಬಂದ ಮೇಲಿನ ಹಿಂದಿನ ತಂಡಗಳಲ್ಲಿ ಒಟ್ಟು ನಾನೂರ ಹನ್ನೆರಡು ಇಲಿಗಳು. ಪ್ರತಿಯೊಂದರಲ್ಲೂ ಮೊದಲ ಬೆಳಕಿನ ಚಿತ್ರವಿತ್ತು. ಎರಡನೆಯ ದಿನದ ಚಿತ್ರ ಒಂದರದ್ದೂ ಇರಲಿಲ್ಲ. ಆ ವಾರವೇ ಅವರು ಪ್ರಾಣಿ ನೀತಿ ಸಮಿತಿಯ ಮುಂದೆ ನಿಂತು, ನೀಲವ್ವನ ಷರತ್ತಿನ ಮೇಲೆಯೇ, ನಲವತ್ತೇಳನೆಯದೂ ಸೇರಿ, ಮೂವತ್ತೆರಡು ಇಲಿಗಳನ್ನು ಉಳಿಸಿಕೊಳ್ಳಲು ಅನುಮತಿ ಕೇಳಿದರು.

ಅನುಮತಿ ಸಿಕ್ಕಿತು. ಅವುಗಳಲ್ಲಿ ಮೊದಲು ಕುಂಟಿದ್ದು ಎಂಟನೆಯ ಇಲಿ. ನೀಲವ್ವ ಕೊಟ್ಟ ಮಾತಿನಂತೆ ತಾನೇ ಅದನ್ನು ಒಯ್ದು ಕೊಟ್ಟಳು, ಆ ದಿನ ಊಟ ಮಾಡಲಿಲ್ಲ. ಹಾಗೆ ಹತ್ತೊಂಬತ್ತು ಸಲ ಆಯಿತು. ಉಳಿದ ಹದಿಮೂರರಲ್ಲಿ ಬೆಳಕು ಬೆಳೆಯಲೂ ಇಲ್ಲ, ಆರಲೂ ಇಲ್ಲ. ಕೋಶಗಳು ಮೂಳೆಯಲ್ಲಿ ನಿದ್ದೆ ಹೋಗಿದ್ದವು. ನಲವತ್ತೇಳನೆಯ ಇಲಿ ಒಂದು ವರ್ಷ ದಾಟಿದ ಮೇಲೂ ಪಂಜರದ ಚಕ್ರ ತುಳಿಯುತ್ತಿತ್ತು.

ವರದಿ ಪ್ರಕಟವಾದ ಮೇಲೆ ಆಸ್ಪತ್ರೆಗಳು ಯಂತ್ರವನ್ನು ಬಳಸುವ ರೀತಿ ಬದಲಾಯಿತು. ಚುಕ್ಕೆ ಕಂಡ ಕೂಡಲೇ ಉಗ್ರ ಔಷಧಿ ಸುರಿಯುವ ಬದಲು ಕೆಲವರಲ್ಲಿ ವೈದ್ಯರು ಕಾದು ನೋಡತೊಡಗಿದರು. ಇಷ್ಟನ್ನು ಗಲಗಲಿಯವರು ಊಹಿಸಿದ್ದರು. ಊಹಿಸದಿದ್ದದ್ದು ಪ್ರಾಣಿಗೃಹದ ಬಾಗಿಲಿಗೆ ಜನ ಬರತೊಡಗಿದ್ದು.

ಮೊದಲು ಬಂದವಳು ಗದಗ ಡಿಪೊದ ಬಸ್ ಕಂಡಕ್ಟರ್ ಫಾತಿಮಾ ನದಾಫ. ಖಾಕಿ ಅಂಗಿಯಲ್ಲೇ ಬಂದಿದ್ದಳು. ಅವಳ ಬೆನ್ನುಮೂಳೆಯಲ್ಲಿ ಮೂರು ಚುಕ್ಕೆ ಕಂಡಿದ್ದವು. ಚುಕ್ಕೆ ಇದ್ದೂ ವರ್ಷ ದಾಟಿದ ಆ ಇಲಿಯನ್ನು ಒಮ್ಮೆ ನೋಡಬೇಕು ಎಂದಳು. ಹೊರಗಿನವರನ್ನು ಒಳಗೆ ಬಿಡಬಾರದೆಂಬ ಫಲಕ ಬಾಗಿಲ ಮೇಲೆಯೇ ಇತ್ತು. ನೀಲವ್ವ ಅದರ ಕೆಳಗಿನಿಂದಲೇ ಅವಳನ್ನು ಕರೆದೊಯ್ದು ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದಳು.

ಇಲಿ ಕಾಳು ಕಡಿಯುತ್ತಿತ್ತು. ಫಾತಿಮಾ ಗಾಜಿಗೆ ಕೈಯೂರಿ ನೋಡಿದಳು.

"ಮೈಯಾಗ ಹಿಂಗ ಐತಿ ಅಂತ ಅದಕ್ಕ ಗೊತ್ತೈತೇನ್ರಿ, ಅಕ್ಕಾರ?"

"ಎಲ್ಲೀದ್ರಿ. ಅದರ ಮುಂದ ಯಾರೂ ಹೇಳಿಲ್ಲ."

"ನನಗ ಹೇಳ್ಯಾರ್ರಿ."

"ಹೇಳಲಿ ಬಿಡ್ರಿ," ಎಂದಳು ನೀಲವ್ವ. "ಹೇಳಿದ್ದು ಕೇಳೂದಷ್ಟ ನಿಮ್ಮ ಕೆಲಸ. ಅವರು ಹೇಳಿದ್ಹಂಗ ಸಾಯೂದಲ್ಲ."

ಫಾತಿಮಾ ಗಾಜಿನಿಂದ ಕೈ ತೆಗೆದಳು. ಕೈಗಡಿಯಾರ ನೋಡಿಕೊಂಡು, ಎರಡು ಗಂಟೆಯ ಗದಗ ಗಾಡಿ ತನ್ನದೇ ಡ್ಯೂಟಿ ಎಂದು ಹೇಳಿ, ಬಂದದ್ದಕ್ಕಿಂತ ಬೇಗ ಬೇಗ ಮೆಟ್ಟಿಲಿಳಿದು ಹೋದಳು.