ಹೊಳೆದಂಡೆಯ ತಡೆಯಾಜ್ಞೆ

ಕುರುಗೋಡಿನಲ್ಲಿ ಮಣ್ಣು ಕೊಟ್ಟು, ನೆಂಟರೆಲ್ಲ ಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಅರುಣಾ ಎರಡನ್ನೂ ಕಾಯಿಸಲಿಟ್ಟಳು. ಅಷ್ಟರಲ್ಲಿ ಫೋನಿನಲ್ಲಿ ಸತ್ತ ಗಂಡ ಮಾತಾಡಿದ.

"ಸಾಹೇಬ್ರ, ನನಗೊಂದು ಸೈಟು ಮಾಡಿಕೊಡ್ರಿ. ಇಲ್ಲಾಂದ್ರ ಹೊಳಿದಂಡಿ ಮನಿ ಕೆಡವೋದಕ್ಕ ಸ್ಟೇ ಕೊಡ್ತೀನಿ."

ಹಿಂದೆ ಟಿಕ್ ಟಿಕ್ ಎಂಬ ಸದ್ದು.

ಸಿರುಗುಪ್ಪದ ವಾಟ್ಸಾಪಿನಲ್ಲೆಲ್ಲ ಅದೇ ಧ್ವನಿ. ಅಲ್ಲಿ ನ್ಯಾಯಾಧೀಶನಾಗಿದ್ದ ಅವಳ ಗಂಡ ಚನ್ನಬಸವರಾಜ ಹೃದಯಾಘಾತಕ್ಕೆ ಮುಂಚೆ ಕೊಟ್ಟ ಕೊನೆಯ ಆಜ್ಞೆ ಆ ಸ್ಟೇ. ಧ್ವನಿ ನಿಜವೆಂದಾದರೆ ಸೋಮವಾರ ಕೋರ್ಟಿನಲ್ಲಿ ಆ ತಡೆಯಾಜ್ಞೆ ಬಿದ್ದುಹೋಗುತ್ತಿತ್ತು, ಹಿಂದೆಯೇ ಹೊಳೆದಂಡೆಯ ಮನೆಗಳು.

ಅರುಣಾ ಬಳ್ಳಾರಿಯ ಬಸ್ ಹತ್ತಿದಳು. ಅಲ್ಲಿ ವಕೀಲಿ ಬಿಟ್ಟು ಇಂಥ ಗಂಟು ಬಿಡಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಪರ್ವೀನ್ ಧ್ವನಿಯನ್ನು ಎರಡೆರಡು ಸಲ ಕೇಳಿದಳು.

"ನೀ ನಂಬಿದಿ ಏನು?"

"ಒಂದು ಗಳಿಗಿ ನಂಬಿದೆ, ಅಕ್ಕಾ."

ಭಾನುವಾರ ಪರ್ವೀನಳ ಪಡಸಾಲೆಯಲ್ಲಿ ಅವಳು ಕರೆಸಿದ, ಕೇಸಿಗೆ ಸಂಬಂಧಪಟ್ಟ ನಾಲ್ವರು ಕೂತರು: ಮನೆ ಕೆಡಹಬೇಕಿದ್ದ ಅಧಿಕಾರಿ ಗಾದಿಲಿಂಗಪ್ಪ, ಅವರ ಡ್ರೈವರ್ ಶಶಿಕಾಂತ್, ಸರ್ಕಾರಿ ವಕೀಲ ಗವಿಸಿದ್ದೇಶ್, ಧ್ವನಿಯನ್ನು ಮೊದಲು ಹಂಚಿದ ವರದಿಗಾರ ಸಲಾವುದ್ದೀನ್.

"ಏನ್ಲೇ ಶಶಿ, ಆರ್ಕೆಸ್ಟ್ರಾದ ಮಿಮಿಕ್ರಿ ಬಿಟ್ಟು ಸ್ಟೇರಿಂಗೇ ಗತಿ ಆತೇನು?" ಎಂದು ಗವಿಸಿದ್ದೇಶ್ ನಕ್ಕ.

ಪರ್ವೀನ್ ನಗಲಿಲ್ಲ. "ಒಬ್ಬೊಬ್ಬರು ಗಾದಿಲಿಂಗಪ್ಪನವರನ್ನ ಒಂದ್ಸಲ ಬೈರಿ."

"ಸರ್, ಭಾನುವಾರನೂ ನನ್ನ ಬಿಡಂಗಿಲ್ಲಲ್ಲ?" ಎಂದ ಗವಿಸಿದ್ದೇಶ್.

"ಏನ್ರೀ ಗಾದಿಲಿಂಗಪ್ಪ, ಸುದ್ದಿ ಕೇಳಿದ್ರ ಫೋನೇ ಎತ್ತಂಗಿಲ್ಲ," ಎಂದ ಸಲಾವುದ್ದೀನ್.

ಶಶಿಕಾಂತ್ ಎದ್ದು ನಿಂತ. "ಸಾಹೇಬ್ರ... ನನಗೇನೂ ಸಿಟ್ಟಿಲ್ರಿ."

ಪರ್ವೀನ್ ಅರುಣಾಳ ಕಡೆ ತಿರುಗಿದಳು. "ನಿನ್ನ ಗಂಡ ಅಧಿಕಾರಿಗಳನ್ನ ಏನಂತ ಕರೀತಿದ್ರು?"

"ಹೆಸರು ಹಿಡಿದು, ಕೊನಿಗೆ 'ಅವರೇ' ಅಂತಿದ್ರು. ಯಾರಿಗೂ 'ಸಾಹೇಬ್ರ' ಅಂದವ್ರಲ್ಲ. ಕೋರ್ಟಿನ್ಯಾಗ ಸರ್ಕಾರನೂ ಒಬ್ಬ ಕಕ್ಷಿದಾರ, ಅಷ್ಟ ಅಂತಿದ್ರು."

"ಧ್ವನಿ ಕದಿಯಬಹುದು, ಶಶಿಕಾಂತ್. ನಿನ್ನ ನಾಲಿಗಿಗೆ ಅಂಟಿದ 'ಸಾಹೇಬ್ರ' ಬಿಡಿಸಾಕ ಆಗಲಿಲ್ಲ. ಜಡ್ಜ್ ಆದ್ರೂ ಇವರ ಮುಂದ ಕೈಕಟ್ಟಿ ನಿಲ್ತಾರ ಅಂದ್ಕೊಂಡಿ. ಹಿಂದಿನ ಟಿಕ್ ಟಿಕ್ ಗಡಿಯಾರದ್ದಲ್ಲ, ಜೀಪಿನ ಇಂಡಿಕೇಟರ್‌ದು. ರಸ್ತಿ ಬದಿ ನಿಲ್ಲಿಸಿ ಮಾತಾಡಿದಿ. ಚನ್ನಬಸವರಾಜರಿಗೆ ಗಾಡಿ ಹೊಡಿಯಾಕೇ ಬರ್ತಿರಲಿಲ್ಲ."

ಗಾದಿಲಿಂಗಪ್ಪ ಸಿಡಿದೆದ್ದರು. "ಲೇ, ಇಂಥಾ ಕೆಲಸ ಮಾಡಿದ್ಯಾ?"

ಶಶಿಕಾಂತ್ ಕಣ್ಣು ಅಗಲಿಸಿದ. "ನೀವ ಹೇಳಿದ್ರಲ್ರಿ, ಸಾಹೇಬ್ರ!"

ಸಲಾವುದ್ದೀನನ ಫೋನ್ ಅಷ್ಟನ್ನೂ ಹಿಡಿದಿತ್ತು.

ಸೋಮವಾರ ತಡೆಯಾಜ್ಞೆ ಉಳಿಯಿತು. ಮರುದಿನ ಅರುಣಾ, ಗಂಡ ಮಳೆಯ ದಿನ ಕೋರ್ಟಿನಿಂದ ಕೇಳಿ ತಂದಿದ್ದ ಕೊಡೆಯನ್ನು ಮರಳಿಸಲು ಹಿಡಿದು ಹೊರಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ಕೊಡೆ ಬಿಚ್ಚಲಿಲ್ಲ.

"ಅವರ ನೆನಪಿಗೆ ಇಟ್ಕೊಳ್ರಿ, ಅಮ್ಮಾರ," ಎಂದಳು ಕೋರ್ಟ್ ಕಚೇರಿಯ ಉಚ್ಚಂಗೆಮ್ಮ.

"ಕೋರ್ಟಿಂದೈತಿ," ಎಂದು ಅರುಣಾ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದಳು.