ಬಲಕ್ಕೆ ವಾಲಿದ ಹೂಜಿ

"ಇದು ನಿಜವಾಗ್ಲೂ ನನ್ನ ಕೆಲಸಾನಾ ಅಂತ ನೀವೇ ಹೇಳಬೇಕು," ಎಂದಳು ಪುಟ್ಟಿ, ಕಾಗದ ಬಿಚ್ಚಿ ಮಣ್ಣಿನ ಹೂಜಿಯನ್ನು ಶಿಲ್ಪಿಯ ಮೇಜಿನ ಮೇಲಿಡುತ್ತ. "ಹೌದು ಅಂದ್ರೆ ಮಾತ್ರ ಮುಂದಿನ ವಾರ ಪ್ರದರ್ಶನ ಮಾಡ್ತೀನಿ."

ಮೂವತ್ತು ದಾಟಿದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ಆರು ವರ್ಷದಿಂದ ಶಿಲ್ಪಿಯ ಒಂದೊಂದು ಪ್ರದರ್ಶನಕ್ಕೂ ಹೋಗಿ, ಅವನ ಆಳೆತ್ತರದ ಮೂರ್ತಿಗಳ ಮುಂದೆ ಬಾಗಿಲು ಹಾಕುವ ತನಕ ನಿಲ್ಲುತ್ತಿದ್ದಳು. ಅವೆಲ್ಲ ಬಲಕ್ಕೆ ಒಂದಿಷ್ಟು ವಾಲಿರುತ್ತಿದ್ದವು, ಯಾರೋ ಕರೆದಾಗ ತಿರುಗುವವರ ಹಾಗೆ. ಮನೆಗೆ ಬಂದು ಅವಳೂ ಕುಂಬಾರ ಚಕ್ರದಿಂದ ಇಳಿಸಿದ ತನ್ನ ಹಸಿ ಹೂಜಿಗಳನ್ನು ಅಂಗೈಯಿಂದ ಮೆತ್ತಗೆ ಬಲಕ್ಕೆ ಒತ್ತುತ್ತಿದ್ದಳು.

"ನೀನು ನೋಡೋಕೆ ಹೋಗೋದು ಮೂರ್ತೀನೋ, ಮೂರ್ತಿ ಮಾಡಿದವನನ್ನೋ?" ಎಂದು ಅಕ್ಕ ಕಾಲೆಳೆದರೆ ಪುಟ್ಟಿ ಮಣ್ಣು ನಾದಲು ಕೂರುತ್ತಿದ್ದಳು. ಪ್ರತಿ ಸಲವೂ ಅವನತ್ತ ಎರಡು ಹೆಜ್ಜೆ ಇಟ್ಟು ವಾಪಸಾಗುತ್ತಿದ್ದಳು. ಇವತ್ತಿನ ತನಕ ಒಂದು ಮಾತೂ ಆಡಿರಲಿಲ್ಲ.

ಅವನು ಹೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವಳು ನೋಡಿದ್ದು ಅವನ ಉಗುರಂಚಿನ ಒಣ ಮಣ್ಣನ್ನು, ಕಿವಿಗೆ ಸಿಕ್ಕಿಸಿ ಮರೆತಿದ್ದ ಪೆನ್ಸಿಲನ್ನು.

"ಬಲಕ್ಕೆ ವಾಲಿದೆಯಲ್ಲ?"

"ನಿಮ್ಮಿಂದ ಕಲಿತಿದ್ದು."

ಅವನು ಹುಬ್ಬೇರಿಸಿ, ಒಂದು ಮಣ್ಣುಂಡೆ ಕಟ್ಟಿ ನೆಲಕ್ಕೆ ಬಿಟ್ಟ. ಅದು ಉರುಳಿಕೊಂಡು ಹೋಗಿ ಎಡಗಡೆ ಗೋಡೆ ಸೇರಿತು.

"ಈ ನೆಲ ಎಡಕ್ಕೆ ಇಳಿಜಾರು. ಮೂರ್ತಿ ಬೀಳದೇ ಇರಲಿ ಅಂತ ಬಲಕ್ಕೆ ಎಳೀತೀನಿ. ಅದು ಕಲೆ ಅಲ್ಲ ಕಣ್ರೀ, ರಿಪೇರಿ!"

ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಹೂಜಿಗೆ ಕೈ ಹಾಕಿದಳು.

"ಹಾಗಿದ್ರೆ ಪ್ರದರ್ಶನ ಬೇಡ ಬಿಡಿ."

ಅವನು ಹೂಜಿಯನ್ನು ಬಿಡಲಿಲ್ಲ. "ನಿಮ್ಮ ಮನೆ ನೆಲ ಹೇಗಿದೆ?"

"ಸಮವಾಗೇ ಇದೆ."

"ನಾನು ವಾಲಿಸಿದ್ದು ಬೇರೆ ದಾರಿ ಇಲ್ಲದೆ. ನೀವು ಬೇಕು ಅಂತಲೇ ವಾಲಿಸಿದ್ದೀರಿ. ಅಂದ್ಮೇಲೆ ಇದು ನಿಮ್ಮದೇ." ಅವನ ದನಿ ತಗ್ಗಿತು. "ನನ್ನ ಕೆಲಸಾನ ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ."

"ಕೆಲಸಾನ ಮಾತ್ರ ಅಲ್ಲ," ಎಂದುಬಿಟ್ಟಳು. ಆಡಿದ ಮೇಲೆ ತುಟಿ ಕಚ್ಚಿಕೊಂಡರೆ ಏನು ಬಂತು? ಕಿವಿಯ ತನಕ ಕೆಂಪಾದಳು. ಆರು ವರ್ಷದ ಮೇಲೆ, ಮೊದಲ ಸಲ, ಅವನು ಹೂಜಿ ಬಿಟ್ಟು ಅವಳನ್ನು ನೋಡುತ್ತಿದ್ದ.

"ನಾಳೆ ನಿಮ್ಮ ಚಕ್ರದ ಪಕ್ಕ ಬಂದು ಕೂರಲಾ? ಈ ಸಲ ನಾನು ನೋಡ್ತೀನಿ."

"ನೀವು ನೋಡ್ತಾ ಇದ್ರೆ ನನ್ನ ಕೈಯಲ್ಲಿ ಮಣ್ಣು ನಿಲ್ಲಲ್ಲ."

"ನಿಲ್ಲೋ ತನಕ ಕೂತಿರ್ತೀನಿ."