ಮುತ್ತಿನ ಒಂಟಿ ತೊಟ್ಟ ಕರಡಿ

ಕೆಂಗಲ್ಲುದುರ್ಗದ ಕೋಟೆ ಎಷ್ಟು ಎತ್ತರವೆಂದು ಯಾರಾದರೂ ಕೇಳಿದರೆ ಅಲ್ಲಿಯ ಜನ ಅಳತೆ ಹೇಳುತ್ತಿರಲಿಲ್ಲ. ಬುರುಜಿನ ಮೇಲೆ ಒಣಹಾಕಿದ ಹಪ್ಪಳಗಳನ್ನು ತೋರಿಸಿ, ನಿನ್ನೆ ಚಂದ್ರ ಹಾದುಹೋಗುವಾಗ ಅಂಚಿನದೊಂದನ್ನು ಕಚ್ಚಿಕೊಂಡು ಹೋದನೆನ್ನುತ್ತಿದ್ದರು. ಪಟ್ಟದಾನೆ ಘೀಳಿಟ್ಟರೆ ನೆರೆರಾಜ್ಯದ ಹೆಂಗಸರ ಕೈಯಲ್ಲಿ ಕಡಗೋಲು ತಾನಾಗಿ ತಿರುಗಿ ಬೆಣ್ಣೆ ಬರುತ್ತಿತ್ತಂತೆ. ಪೇಟೆಬೀದಿಯಲ್ಲಿ ಕಂಬಳಿ, ಕಬ್ಬಿಣ, ಜೇನು, ಮೇಣ; ಅರಮನೆಯ ಮುಂದೆ ನಗಾರಿ; ಏಳು ಸುತ್ತಿನ ಕೋಟೆಯ ಒಂದೊಂದು ಬಾಗಿಲಲ್ಲೂ ಮೀಸೆಗೆ ನಿಂಬೆಹಣ್ಣು ನಿಲ್ಲಿಸಿಕೊಂಡ ಪಹರೆಯವರು. ಆ ಊರಿನವರು ಸುಳ್ಳುಗಾರರೆಂದು ತಿಳಿಯಬಾರದು. ನಿಜವನ್ನು ಕೊಂಚ ಎತ್ತರದ ಮಣೆಯ ಮೇಲೆ ಕೂರಿಸುತ್ತಿದ್ದರು, ಅಷ್ಟೇ.

ಇಂಥ ಮಹಾದುರ್ಗಕ್ಕೆ ಬೇಸಗೆ ತಿರುಗಿದರೂ ಬತ್ತದ ನೀರು ಮಾತ್ರ ಒಂದೇ ದೊಣೆಯಲ್ಲಿತ್ತು. ಅದೂ ಕೋಟೆಯ ಹಿಂದಿನ ದಿಡ್ಡಿಬಾಗಿಲಿನಾಚೆ, ಬಂಡೆಗಳ ಸಂದಿಯಲ್ಲಿ, ಕರಡಿಗಳ ನೆರೆಯಲ್ಲಿ. ಶತ್ರುಗಳ ಕುದುರೆದಂಡನ್ನು ನಕ್ಕು ಓಡಿಸಿದ ದುರ್ಗ ಆ ವರ್ಷ ಕರಡಿಗಳಿಗೆ ನಡುಗಿತು. ಕೊಡ ಹೊತ್ತು ಹೋದ ಹೆಂಗಸರಲ್ಲಿ ಕೆಲವರು ಮುಖ ಕಳೆದುಕೊಂಡು ಬಂದರು. ಕೆಲವರು ಬರಲೇ ಇಲ್ಲ.

ದೊರೆ ಇಮ್ಮಡಿ ಬೊಮ್ಮಣ್ಣನಾಯಕ ಹೊಸದಾಗಿ ಪಟ್ಟಕ್ಕೆ ಬಂದ ತರುಣ. ವಿಜಯದಶಮಿಯಂದು ಬನ್ನಿಮರಕ್ಕೆ ಹೋಗುವ ರಾಜಮಾರ್ಗವೂ ಆ ದೊಣೆಯ ಪಕ್ಕದಲ್ಲೇ ಹಾಯುತ್ತಿದ್ದುದರಿಂದ, ಈ ಸಲ ಬನ್ನಿಯ ಬುಡದಲ್ಲಿ ತಾನು ಹಾರಿಸುವ ಕೋವಿ ಕರಡಿಗಳಿಂದ ಕಾಯುವ ಕೋವಿಯೇ ಆಗಿರಲಿ, ಹಬ್ಬ ಮುಗಿದೊಡನೆ ಅದು ದೊಣೆಯ ಕಾವಲಿಗೆ ನಿಲ್ಲಲಿ ಎಂದು ಅಪ್ಪಣೆ ಮಾಡಿದ. ನವರಾತ್ರಿಯ ಹಿಂದಿನ ದಿನ ಕೋವಿ ಆರಿಸಲು ಸಭೆ ಸೇರಿತು.

ದಳವಾಯಿ ಭುಜಂಗಯ್ಯ ಮೊದಲು ಎದ್ದ. ಎಡಗಿವಿಯಲ್ಲಿ ಮಾತ್ರ ನೆಲ್ಲಿಕಾಯಿಯಂಥ ಮುತ್ತಿನ ಒಂಟಿ ತೊಡುವುದು ಅವನ ಬಿಂಕ. ರಾಜ್ಯದಲ್ಲಿ ಮತ್ತಾರಿಗೂ ಆ ಹಕ್ಕಿರಲಿಲ್ಲ. ಸೈನ್ಯವೆಲ್ಲ ಅವನ ಮುಷ್ಟಿಯಲ್ಲಿತ್ತು. ದೊರೆಯ ಮಲತಮ್ಮ ಹರಿಯಪ್ಪ ಅವನ ಅಳಿಯ. ಅಳಿಯನನ್ನು ಎಲ್ಲಿ ಕೂರಿಸಬೇಕೆಂದು ಅವನು ಲೆಕ್ಕ ಹಾಕುತ್ತಿದ್ದುದು ದೊರೆಯೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

“ಮಹಾಪ್ರಭುಗಳು ಅವಧರಿಸಬೇಕು. ಇದು ಪರಂಗಿಯವರ ಕೋವಿ. ಬೆಳ್ಳಿಯ ಕಟ್ಟು, ಆಳುದ್ದದ ನಳಿಗೆ. ಎದುರು ಬೆಟ್ಟದ ಹದ್ದನ್ನು ಇಲ್ಲಿಂದಲೇ ಕೆಡವುತ್ತದೆ.”

ಆಯುಧಶಾಲೆಯ ಯಜಮಾನ ಗಾದ್ರಪ್ಪ ಮೀಸೆಯೊಳಗೇ ನಕ್ಕ. “ದಳವಾಯಿಗಳೇ, ನಮ್ಮ ಹೆಣ್ಣುಮಕ್ಕಳ ಮೇಲೆ ಹದ್ದು ಬಿದ್ದಿಲ್ಲ.”

ಸಭೆ ಗೊಳ್ಳೆಂದಿತು.

“ಹಾಗಾದರೆ ನಿನ್ನ ಆಯ್ಕೆ ಯಾವುದು, ಗಾದ್ರಪ್ಪ?” ಎಂದ ದೊರೆ.

ಗಾದ್ರಪ್ಪ ಕಂಬಳಿಯೊಳಗಿಂದ ಒಂದು ಕುಳ್ಳ ಕೋವಿಯನ್ನು ಹೊರತೆಗೆದ. ಅಗಲ ಬಾಯಿ, ದಪ್ಪ ನಳಿಗೆ, ನೋಡಲು ಬಾತುಕೊಂಡ ಕಪ್ಪೆಯಂತೆ. “ಬುದ್ಧೀ, ಕರಡಿ ದೂರದಿಂದ ಕಹಳೆ ಊದಿಸಿಕೊಂಡು ಬರುವ ಶತ್ರುವಲ್ಲ. ಬಂಡೆಯ ಮರೆಯಿಂದ ಎದ್ದಾಗ ಅದರ ಉಸಿರು ನಮ್ಮ ಮುಖಕ್ಕೆ ಬಡಿಯುತ್ತಿರುತ್ತದೆ. ಆಳುದ್ದದ ನಳಿಗೆಯನ್ನು ಸಂದಿಯೊಳಗೆ ತಿರುಗಿಸುವಷ್ಟರಲ್ಲಿ ಕಾವಲಿನವನ ತಲೆ ಹಲಸಿನ ಹಣ್ಣಾಗಿರುತ್ತದೆ. ಬತ್ತಿಯ ಕೋವಿಯೂ ಬೇಡ; ದೊಣೆಯ ತೇವಕ್ಕೆ ಬತ್ತಿ ಆರುತ್ತದೆ. ಇದು ಚಕಮಕಿ ಕಲ್ಲಿನದು. ಒಂದೇ ಈಡಿಗೆ ಹಿಡಿ ತುಂಬ ಗುಂಡು. ಹೆದರಿದವನ ಕೈ ನಡುಗಿದರೂ ಗುರಿ ತಪ್ಪುವುದಿಲ್ಲ.”

“ಕುರೂಪ,” ಎಂದ ದಳವಾಯಿ.

“ಕರಡಿಗೆ ಹೆಣ್ಣು ತೋರಿಸಲು ಒಯ್ಯುತ್ತಿಲ್ಲವಲ್ಲ, ಸ್ವಾಮೀ.”

ದೊರೆ ಸಿಂಹಾಸನದ ಕೈ ತಟ್ಟಿ ನಕ್ಕ. ಕುಳ್ಳ ಕೋವಿಯೇ ಗೆದ್ದಿತು. ಗಾದ್ರಪ್ಪ ಕೈಮುಗಿದ. “ಆರಿಸಿದವನ ಹೆಗಲೇ ಹೊಸ ಕೋವಿಯ ಮೊದಲ ಒದೆ ತಿನ್ನಬೇಕೆಂಬುದು ಆಯುಧಶಾಲೆಯ ನೇಮ. ಈಗಲೇ ಬಯಲಿಗೆ ಒಯ್ದು ಒಂದು ಈಡು ಹಾರಿಸಿ ತರುತ್ತೇನೆ.”

ಅಷ್ಟರಲ್ಲಿ ಭುಜಂಗಯ್ಯನ ಮುಖದ ಮೇಲೆ ಭಕ್ತಿ ಮೂಡಿತು. “ಛೇ, ಛೇ! ಪ್ರಭುಗಳ ಆಯುಧ ದೇವಿಯ ಸನ್ನಿಧಿಗೆ ಹೋಗುವ ಮುಹೂರ್ತವಿದು. ಪೂಜೆಗೆ ಕೂರುವ ಮುನ್ನ ಬಯಲಿನ ಹೊಗೆ ಕುಡಿಸುವುದೇ? ಆರಿಸಿದವನ ಹೊಣೆ ಆರಿಸಿದವನದೇ ಇರಲಿ. ಒದೆ ಹಬ್ಬವಾದ ಮೇಲೆ ತಿನ್ನಲಿ.”

ದೇವಿಯ ಹೆಸರೆತ್ತಿದ ಮೇಲೆ ಇಲ್ಲವೆನ್ನುವ ನಾಲಿಗೆ ಕೆಂಗಲ್ಲುದುರ್ಗದಲ್ಲಿ ಹುಟ್ಟಿರಲಿಲ್ಲ. ಗೆದ್ದ ಅಮಲೂ ಇತ್ತು. ಗಾದ್ರಪ್ಪ ಕೋವಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಒಪ್ಪಿಸಿಬಿಟ್ಟ. ಪೂಜೆಗೆ ಕುಳಿತ ಆಯುಧವನ್ನು ದಶಮಿಯವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಪೂಜಾಗೃಹದ ಬೀಗದ ಕೈ ದಳವಾಯಿಯ ಸೊಂಟದಲ್ಲಿತ್ತು.

ಊರೆಲ್ಲ ಪಟ್ಟದಾನೆಯ ಕಾಳಗ ನೋಡಲು ಹೋಗಿದ್ದ ಮಧ್ಯಾಹ್ನ, ಮುಟ್ಟಬಾರದ ಕೋವಿಯನ್ನು ಮುಟ್ಟಿದ ಕೈ ಯಾವುದೆಂದು ದೇವಿ ಕಂಡಳು. ಮೂರು ಈಡಿಗಾಗುವ ಮದ್ದನ್ನು ನಳಿಗೆಯ ತಳಕ್ಕೆ ಗಿಡಿದು, ಗುಂಡು ಬಿಗಿದು, ಮೇಲೆ ಅರಗು ಕಾಯಿಸಿ ಸುರಿದ ಆ ಕೈಯವನು, ಹೊರಡುವಾಗ ದೇವಿಗೆ ಅಡ್ಡಬೀಳುವುದನ್ನು ಮರೆಯಲಿಲ್ಲ. ಕೋವಿ ಸಿಡಿದರೆ ದೊರೆ ಸಾಯುತ್ತಾನೆ, ಆರಿಸಿದವನು ಶೂಲಕ್ಕೇರುತ್ತಾನೆ, ಅಳಿಯ ಸಿಂಹಾಸನಕ್ಕೇರುತ್ತಾನೆ. ಅಪ್ಪಟ ದೈವಭಕ್ತ!

ದಶಮಿಯ ದಿನ ಮೆರವಣಿಗೆ ಬನ್ನಿಮರ ಮುಟ್ಟಿತು. ಸುತ್ತಲೂ ದಳವಾಯಿಯ ಭಟರು. ಗಾದ್ರಪ್ಪ ಹೂಮಾಲೆ ತೆಗೆದು ಮದ್ದು ಸುರಿದು, ಗಿಡಿಯುವ ಸಲಾಕೆಯನ್ನು ನಳಿಗೆಯೊಳಗೆ ಇಳಿಸಿದ. ಸಲಾಕೆ ತಳ ಮುಟ್ಟಲಿಲ್ಲ. ನಡುವಿನಲ್ಲೇ ತಡೆದು ನಿಂತಿತು. ಅವನು ಮತ್ತೊಮ್ಮೆ ಮೆಲ್ಲಗೆ ಒತ್ತಿದ. ಒಳಗೆ ಯಾರೋ ಮೊದಲೇ ಬಿಗಿದಿಟ್ಟಿದ್ದರು. ತಲೆಯೆತ್ತಿದಾಗ ಮುತ್ತಿನ ಒಂಟಿ ಬಿಸಿಲಿಗೆ ಮಿನುಗುತ್ತ ಅವನನ್ನೇ ನೋಡುತ್ತಿತ್ತು.

ಕೂಗಿ ಹೇಳಬಹುದಿತ್ತು. ಆದರೆ ಪೂಜೆಗೊಂಡ ಕೋವಿ ಬನ್ನಿಯ ಬುಡದಲ್ಲಿ ಸದ್ದು ಮಾಡದಿದ್ದರೆ ದೇವಿ ಆ ದೊರೆಯನ್ನು ಕೈಬಿಟ್ಟಳೆಂದೇ ಆ ನಾಡಿನ ನಂಬಿಕೆ. ಹಾಗಾಗಿದ್ದರೆ ಭಟರು ಅಲ್ಲಿಯೇ ಹರಿಯಪ್ಪನಿಗೆ ಜಯಕಾರ ಹಾಕಿಬಿಡುತ್ತಿದ್ದರು. ಹಾರಿಸಿದರೆ ದೊರೆ ಹೋದ, ಹಾರಿಸದಿದ್ದರೆ ದೊರೆತನ ಹೋಯಿತು.

ಗಾದ್ರಪ್ಪ ಕೋವಿಯನ್ನು ಕೊಡಲಿಲ್ಲ. ನಕ್ಕ. “ಬುದ್ಧೀ, ಮೊದಲ ಒದೆ ನನ್ನ ಹೆಗಲಿಗೆ ಬಾಕಿಯಿದೆ. ಅಪ್ಪಣೆಯಾಗಲಿ. ತಮ್ಮ ಹೆಸರಿನಲ್ಲೇ ಸದ್ದು ಮಾಡುತ್ತದೆ.”

“ಉದ್ಧಟತನ! ದೊರೆಯ ಕೈಯ ಆಯುಧ ಅದು!” ದಳವಾಯಿಯ ದನಿ ಒಡೆಯಿತು.

“ಆರಿಸಿದವನ ಹೊಣೆ ಆರಿಸಿದವನದೇ ಎಂದು ತುಂಬಿದ ಸಭೆಯಲ್ಲಿ ಅಂದವರು ತಾವೇ ಅಲ್ಲವೇ, ಸ್ವಾಮೀ? ಭಟರೇ, ದೂರ ನಿಲ್ಲಿರಪ್ಪ. ಇದು ಕುಳ್ಳಿ, ಒದ್ದರೆ ಕತ್ತೆಗಿಂತ ಜೋರು.”

ದೊರೆ ನಗುತ್ತ ತಲೆಯಾಡಿಸಿದ. ಗಾದ್ರಪ್ಪ ಎಲ್ಲರನ್ನೂ ಹಿಂದೆ ಬಿಟ್ಟು ಬನ್ನಿಯಾಚೆಯ ಬಂಡೆಯವರೆಗೆ ನಡೆದು, ಕರಡಿಗಳ ಗವಿಯತ್ತ ಕೋವಿ ಎತ್ತಿ, “ದೊರೆ ಬೊಮ್ಮಣ್ಣನಾಯಕರಿಗೆ ಜಯವಾಗಲಿ!” ಎಂದು ಎದೆಬಿರಿಯೆ ಕೂಗಿ, ಬೆರಳಿನಿಂದ ಕೋವಿಯ ಕುದುರೆ ಎಳೆದ.

ಸದ್ದು ಏಳು ಸುತ್ತಿನ ಕೋಟೆಯನ್ನೂ ದಾಟಿತು. ಅದು ಉತ್ಪ್ರೇಕ್ಷೆಯಲ್ಲ.

ಹೊಗೆ ಹರಿದಾಗ ಗಾದ್ರಪ್ಪ ಬಂಡೆಯ ಬುಡದಲ್ಲಿ ಸತ್ತುಬಿದ್ದಿದ್ದ; ದೊರೆಯ ಪಾದದ ಬಳಿ ನಳಿಗೆಯ ಸೀಳೊಂದು ಬಿದ್ದಿತ್ತು. ಅದರ ಒಳಮೈಗೆ ಕೆಂಪು ಅರಗು ಅಂಟಿ ಇನ್ನೂ ಕುದಿಯುತ್ತಿತ್ತು. ದೊರೆ ಅದನ್ನು ನೋಡಿದ. ದಳವಾಯಿಯನ್ನು ನೋಡಿದ. ದಳವಾಯಿಯ ಹಿಂದೆ ನಿಂತ ಈಟಿಗಳ ಕಾಡನ್ನೂ ನೋಡಿದ.

“ಕರಡಿ!” ಎಂದು ಕಿರುಚಿದ ಭುಜಂಗಯ್ಯ. “ಗವಿಯಿಂದ ಎರಗಿತು! ಸೆಣಸಾಟದಲ್ಲಿ ಕೋವಿ ಸಿಡಿಯಿತು! ಕಂಡಿರಲ್ಲ?”

“ಕಂಡೆವು,” ಎಂದವು ನೂರಾರು ಬಾಯಿಗಳು. ಆನೆಯಷ್ಟು ದೊಡ್ಡದೆಂದ ಒಬ್ಬ. ಎದೆಯ ಮೇಲೆ ಬಿಳಿಯ ಚಂದ್ರನಿತ್ತೆಂದ ಇನ್ನೊಬ್ಬ. ಕೆಂಗಲ್ಲುದುರ್ಗದವರಿಗೆ ಕತೆ ಕಟ್ಟುವುದನ್ನು ಯಾರು ಕಲಿಸಬೇಕು? ಎಲ್ಲರೂ ದೊರೆಯ ಮುಖ ನೋಡಿದರು. ಬೊಮ್ಮಣ್ಣನಾಯಕ ಸೀಳನ್ನು ನಿಲುವಂಗಿಯೊಳಗೆ ಮರೆಸಿಕೊಂಡು, “ಹೌದು, ಕರಡಿ,” ಎಂದ.

ಅಂದು ಅಲ್ಲಿ ಕರಡಿಯಿರಲಿಲ್ಲ. ಹಲಗೆ ತಮಟೆಗಳ ಗದ್ದಲಕ್ಕೆ ಅವು ಎಂದೋ ಆಚೆ ಗುಡ್ಡ ಸೇರಿದ್ದವು.

ಬನ್ನಿಮರದ ದಾರಿಯಲ್ಲಿ ವೀರಗಲ್ಲು ಎದ್ದಿತು. ಕೋವಿ ಹಿಡಿದ ವೀರ, ಅವನ ಮೇಲೆ ಎದ್ದುನಿಂತ ಕರಡಿ. ನೆಡುವ ದಿನ ದೊರೆ ಗಾದ್ರಪ್ಪನ ಹೆಂಡತಿ ಪಾಲವ್ವನನ್ನು ಕರೆಸಿದ. ದಳವಾಯಿ ಪಕ್ಕದಲ್ಲೇ ಇದ್ದ.

“ತಾಯೀ, ಏನು ಬೇಕೋ ಕೇಳು. ಊರು ಬೇಕೆಂದರೆ ಊರು ಕೊಡುತ್ತೇನೆ.”

ಪಾಲವ್ವ ಕಲ್ಲನ್ನು ಬಹಳ ಹೊತ್ತು ನೋಡಿದಳು. “ಊರು ನಿಮಗೇ ಇರಲಿ, ನನ್ನೊಡೆಯ. ಉಳಿಸಿಕೊಳ್ಳೋದೇ ಕಷ್ಟ ಅಂತ ಕೇಳಿದೀನಿ. ನನ್ನ ಗಂಡ ಚೆನ್ನಾಗಿ ಬಂದವ್ನೆ. ಕರಡಿ ಮಾತ್ರ ಹೋಲಲಿಲ್ಲ.”

“ಏನು ಕೊರತೆ?”

“ಎಡಗಿವಿ ಬೋಳಾಗೈತೆ. ಅದಕ್ಕೊಂದು ಮುತ್ತಿನ ಒಂಟಿ ಕೆತ್ತಿಸಿಕೊಡಿ. ಇನ್ನೇನೂ ಬೇಡ.”

ನಗಾರಿಯವನ ಕೋಲು ಗಾಳಿಯಲ್ಲೇ ನಿಂತಿತು. ಭುಜಂಗಯ್ಯನ ಕೈ ಕತ್ತಿಯ ಹಿಡಿಗೆ ಹೋಗಿ, ಅಷ್ಟು ಜನರ ನಡುವೆ, ಏತಕ್ಕೆ ಕೋಪಗೊಳ್ಳುವುದೆಂದು ತಿಳಿಯದೆ ಹಾಗೆಯೇ ಇಳಿಯಿತು. ಕೋಪಗೊಂಡರೆ ಕರಡಿ ತಾನೆಂದು ಒಪ್ಪಿದಂತೆ. ದೊರೆ ತಲೆಯೆತ್ತದೆ ಹೇಳಿದ: “ಕೆತ್ತಿಸಿ.”

ಭುಜಂಗಯ್ಯ ಬಹುಕಾಲ ಬಾಳಿದ. ಇಂಥವರಿಗೆ ಆಯುಸ್ಸು ಗಟ್ಟಿ. ಪ್ರತಿ ದಶಮಿಯಂದೂ ಆ ಕಲ್ಲಿನ ಮುಂದೆ ಕುದುರೆಯ ಮೇಲೆ ಹಾಯಲೇಬೇಕಾಗಿತ್ತು, ಬೋಳು ಕಿವಿಯಲ್ಲಿ. ದೊಣೆಗೆ ಕೋವಿಯ ಕಾವಲು ಬರಲೇ ಇಲ್ಲ. ಹೆಂಗಸರು ಕೊಡ ಹೊತ್ತು ನಡುಗುತ್ತಲೇ ನೀರಿಗೆ ಹೋದರು. ಹೋಗುವಾಗ ವೀರನ ಹಣೆಗೆ ಅರಿಶಿನ ಹಚ್ಚಿ, ಕರಡಿಯ ಮುಖಕ್ಕೆ ಹಿಡಿ ಸಗಣಿ ಬಡಿದು ಮುಂದೆ ನಡೆದರು.